ಅವ್ವನ ಸೀರೆ ತುಂಡಿನ ಬುತ್ತಿ

ಫೆಬ್ರವರಿ 3, ಸೋಮವಾರ
ಬ್ಯಾಡಗಿ, ಅಪ್ಪನ ಮನೆ

ಈ ಡೈರಿ ರಾಣೆಬೆನ್ನೂರಿನ ಬೀಜದ ಕಂಪನಿಯದು. ನನ್ನ ಗಂಡ ದುರುಗೇಶ ಅಲ್ಲಿಯ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ, ಹೊಸ ವರ್ಷಕ್ಕೆ ಅವನಿಗೆ ಕೊಟ್ಟಿದ್ದರು. ಕೂಸು ಎಂದು ನಕ್ಕಿತು, ಎಂದು ಬೋರಲು ಬಿತ್ತು, ಎಂದು ಹಲ್ಲು ಬಂತು, ಎಲ್ಲ ಇದರಲ್ಲಿ ಬರೆದಿಡು ಎಂದು ನನಗೆ ತಂದುಕೊಟ್ಟ. ಪ್ರತಿ ಪುಟದ ಕೆಳಗೆ ರೈತರಿಗೊಂದು ಬುದ್ಧಿಮಾತು ಅಚ್ಚಾಗಿದೆ. ಇವತ್ತಿನದು: 'ಮೊಳಕೆ ಪರೀಕ್ಷೆ ಮಾಡಿಯೇ ಬಿತ್ತಿರಿ.' ಓದಿ ಡೈರಿಯನ್ನು ಗೋಡೆಗೆ ಎಸೆದೆ. ಆಮೇಲೆ ನಾನೇ ಎದ್ದು ಹೋಗಿ ತಂದೆ.

ಕೂಸು ಹೋಗಿ ಇವತ್ತಿಗೆ ಐದು ದಿನ. ಹೆಣ್ಣು. ಒಂಬತ್ತು ತಿಂಗಳು ತುಂಬಿತ್ತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು ಒಳಗೇ ಉಸಿರು ನಿಂತಿತ್ತಂತೆ. ಯಾರ ತಪ್ಪೂ ಅಲ್ಲಮ್ಮ ಎಂದು ಹಾವೇರಿ ಆಸ್ಪತ್ರೆಯ ಡಾಕ್ಟರು ಮೂರು ಸಲ ಹೇಳಿದರು. ಯಾರದಾದರೂ ತಪ್ಪಾಗಿದ್ದರೆ ಬೈಯಲಿಕ್ಕಾದರೂ ಒಬ್ಬರು ಸಿಗುತ್ತಿದ್ದರು.

ಅವಳ ಮುಖ ನನಗೆ ತೋರಿಸಲಿಲ್ಲ. ರಕ್ತ ಬಹಳ ಹೋಗಿ ನನಗೆ ಎಚ್ಚರ ಅರ್ಧಂಬರ್ಧ ಇತ್ತು. "ನೋಡಿದ್ರ ಮರಿಯಾಕ ಆಗಂಗಿಲ್ಲ, ಬ್ಯಾಡ" ಎಂದು ಅತ್ತೆ ಉಡಚವ್ವ ಅಡ್ಡ ನಿಂತದ್ದು ಮಾತ್ರ ಕೇಳಿಸಿತು. ಅತ್ತೆಯೂ ಸುತ್ತಿದ ಬಟ್ಟೆಯನ್ನಷ್ಟೇ ನೋಡಿದರಂತೆ. ಅಪ್ಪ ಆಗ ಬ್ಯಾಡಗಿಯಲ್ಲಿದ್ದ. ದುರುಗೇಶ ಒಬ್ಬನೇ ಅವಳನ್ನು ಎತ್ತಿಕೊಂಡು ಹೋಗಿ, ಅವರ ಊರು ಅಗಡಿಯ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ. ನಮ್ಮವರಲ್ಲಿ ಅವಳ ಮುಖ ಕಂಡವನು ಅವನೊಬ್ಬನೇ. ಹೆಂಗಿದ್ದಳು ಎಂದು ಕೇಳಿದೆ. ಗೋಡೆ ನೋಡಿದ. ಮರುದಿನ ಕೇಳಿದೆ. ಚಾ ತರುತ್ತೇನೆಂದು ಎದ್ದು ಹೋದ. ನನ್ನನ್ನು ಇಲ್ಲಿ ಇಳಿಸಿ ರಾಣೆಬೆನ್ನೂರಿಗೆ ಹೋದವನು ಫೋನೂ ಮಾಡಿಲ್ಲ.

ಇವತ್ತು ಮೆಣಸಿನಕಾಯಿ ಮಾರುಕಟ್ಟೆಯ ದಿನ. ಅಪ್ಪ ಅಲ್ಲಿ ಮೂವತ್ತು ವರ್ಷದ ಹಮಾಲ, ಸೋಮವಾರ ತಪ್ಪಿಸಿದವನಲ್ಲ. ಇವತ್ತು ತಪ್ಪಿಸಿದ. ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಮುಂದೆ ಇಟ್ಟು, ನಾನು ತಿನ್ನುತ್ತೇನೆಂದು ಕಾದು ಕೂತ. ನಾನು ಗೋಡೆಯ ಕಡೆ ಹೊರಳಿದೆ.

ಫೆಬ್ರವರಿ 4, ಮಂಗಳವಾರ

ಹಾಲು ಬಂತು.

ಫೆಬ್ರವರಿ 5, ಬುಧವಾರ

ರವಿಕೆ ಎರಡು ಸಲ ಬದಲಿಸಿದೆ. ಕುಡಿಯುವವರಿಲ್ಲ ಎಂದು ಮೈಗೆ ತಿಳಿಸುವವರು ಯಾರು?

ಪಕ್ಕದ ಮನೆಯ ಚಮನಬಿ ಬಂದಿದ್ದಳು. ದಲಾಲರ ಅಂಗಡಿಗಳಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಅವಳದು. ಅವ್ವ ಬದುಕಿದ್ದಾಗಿನಿಂದ ಅವಳನ್ನು ಚಿಗವ್ವ ಎಂದೇ ಕರೆಯುತ್ತೇನೆ. ಅವ್ವ ಸತ್ತು ಆರು ವರ್ಷವಾಯಿತು; ಅಂದಿನಿಂದ ಅವ್ವನ ಹಾಗೆ ನನ್ನನ್ನು ನೋಡಿಕೊಂಡು ಆ ಹೆಸರನ್ನು ಖರೆ ಮಾಡಿದ್ದಾಳೆ. ಬಾಗಿಲು ಮುಂದೆ ಮಾಡಿ, ನನ್ನ ಎದೆ ಮುಟ್ಟಿ ನೋಡಿ ಹೋದಳು. ಸಂಜೆ ಎರಡು ಮೊಳ ಮಲ್ಲಿಗೆ ತಂದಳು. ಹೂವು ಎದೆಗೆ ಕಟ್ಟಿಕೊಂಡರೆ ಹಾಲು ಹಿಂದೆ ಸರಿಯುತ್ತದಂತೆ.

ಹೊರಗಿನಿಂದ ಬಂದ ಅಪ್ಪ ಹೂವು ನೋಡಿದ. "ಮುಡಕೋತಿ ಏನ ನನ್ನವ್ವಾ? ಮುಡಕೋ, ಮುಡಕೋ" ಎಂದ. ಅವನ ಮುಖ ಅರಳಿದ್ದನ್ನು ಎಷ್ಟೋ ದಿನದ ಮೇಲೆ ನೋಡಿದೆ. ನಾನೂ ಹೇಳಲಿಲ್ಲ, ಚಿಗವ್ವನೂ ಹೇಳಲಿಲ್ಲ. ಹೂವು ಸೆರಗಿನೊಳಗೆ ಬಾಡಿತು.

ನುಚ್ಚನ್ನು ಬೆಕ್ಕಿಗೆ ಹಾಕಿದೆ. ಬೆಕ್ಕೂ ತಿನ್ನಲಿಲ್ಲ.

ಫೆಬ್ರವರಿ 7, ಶುಕ್ರವಾರ

ಆಶಾ ಕಾರ್ಯಕರ್ತೆ ಪ್ರೇಮವ್ವ ಬಂದು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ರಕ್ತದ ಅಂಶ ಏಳಕ್ಕೆ ಇಳಿದಿದೆಯಂತೆ. ತಿಂಗಳೊಪ್ಪತ್ತಿನಲ್ಲಿ ಹತ್ತರ ಹತ್ತಿರ ಹೋಗಬೇಕು, ಇಲ್ಲವಾದರೆ ರಕ್ತ ಏರಿಸಬೇಕು ಎಂದಳು. ಗುಳಿಗೆ ಕೊಟ್ಟಳು. ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಪಾಠ ಮಾಡಿದಳು.

"ಬರೇ ಗುಳಿಗಿಯಿಂದ ಆಗಂಗಿಲ್ಲ ಪರಮೇಶಪ್ಪಣ್ಣ. ನುಗ್ಗಿ ಸೊಪ್ಪು, ಕಾಳು, ಶೇಂಗಾ, ಬೆಲ್ಲ, ಸಜ್ಜಿ ರೊಟ್ಟಿ. ಈಕಿ ಬಾಣಂತಿ ಅದಾಳ, ನೆನಪಿರಲಿ."

ಅಪ್ಪ ಔಷಧಿ ಅಂಗಡಿಗೂ ಹೋಗಿದ್ದನಂತೆ. ಶಕ್ತಿ ಬರುವ ಪುಡಿಯ ಡಬ್ಬಿಯನ್ನು ಅಂಗಡಿಯವ ಮುಂದಿಟ್ಟನಂತೆ. ಅದೊಂದು ಡಬ್ಬಿಯೆಂದರೆ ಅಪ್ಪ ಎರಡು ದಿನ ಬೆನ್ನು ಮುರಿದು ಚೀಲ ಹೊರಬೇಕು. ಬರಿಗೈಯಲ್ಲಿ ಬಂದು, "ಡಬ್ಬಿ ಮ್ಯಾಲ ಕೂಸಿನ ಚಿತ್ರ ಇತ್ತವಾ. ತರಲಿಲ್ಲ" ಎಂದ. ದುಡ್ಡು ಸಾಲಲಿಲ್ಲವೋ, ಚಿತ್ರ ನೋಡಲಾಗಲಿಲ್ಲವೋ. ಎರಡೂ ಖರೆ ಇರಬೇಕು. ಅದರ ಬದಲು ಹಿತ್ತಲಾಚೆಯ ಗಿಡದಿಂದ ಒಂದು ಮಡಿಲು ನುಗ್ಗೆಸೊಪ್ಪು ಮುರಿದು ತಂದ. ಹೆಸರುಕಾಳಿನ ಜೊತೆ ಬೇಯಿಸಿ ಪಲ್ಯ ಮಾಡಿದ. ಉಪ್ಪು ಮರೆತಿದ್ದ. ಎರಡು ತುತ್ತು ತಿಂದೆ, ಅವನು ನೋಡುತ್ತಿದ್ದ ಅಂತ.

ಅಷ್ಟರಲ್ಲಿ ಅತ್ತೆಯ ಫೋನು ಬಂತು. ಬಾಣಂತಿಗೆ ತಿನಿಸುವ ಅಂಟಿನುಂಡಿಗೆಂದು ಅಪ್ಪ ಸಾಮಾನು ಕೂಡಿಸಿಟ್ಟದ್ದು ಅವರಿಗೆ ಗೊತ್ತು. ಅಪ್ಪನ ಹಳೆಯ ಫೋನಿನಲ್ಲಿ ಆಚೆಯವರ ಮಾತು ಓಣಿಗೆಲ್ಲ ಕೇಳುತ್ತದೆ.

"ಕೂಸಿಲ್ಲದಾಕಿಗೆ ಅಂಟಿನುಂಡಿ, ಗಿಂಟಿನುಂಡಿ ಯಾಕ ಬೀಗ್ರ? ಆ ಸಾಮಾನ ಮುಂದಿನ ಸಲಕ್ಕ ಇಟ್ಕೊಳ್ರಿ."

ಅಪ್ಪ ಯಾರಿಗೂ ಎದುರು ಮಾತಾಡುವವನಲ್ಲ. ದಲಾಲರು ಬೈದರೂ ಟವೆಲಿನಿಂದ ಮುಖ ಒರೆಸಿಕೊಂಡು ಬರುವವನು. ಇವತ್ತು ಎದ್ದು ನಿಂತು ಹೇಳಿದ: "ಕೂಸ ಹೋಗಿರಬಹುದರಿ ಬೀಗತಿ. ಹಡದದ್ದು ಸುಳ್ಳೇನ್ರಿ? ಹಡದಾಕಿಗೆ ನಾ ಉಣ್ಣಾಕ ಹಾಕಾಂವ."

ನಾನು ಹೊದಿಕೆಯೊಳಗೆ ಮುಖ ಹಾಕಿಕೊಂಡು ಅತ್ತುಬಿಟ್ಟೆ. ಹಡೆದಿದ್ದೀ ಎಂದು ನನಗೆ ಯಾರೂ ಹೇಳಿರಲಿಲ್ಲ. ಎಲ್ಲರೂ 'ಹೋಯಿತು' ಎಂದಷ್ಟೇ ಹೇಳಿದ್ದರು.

ಫೆಬ್ರವರಿ 9, ಭಾನುವಾರ

ಇವತ್ತು ಅಪ್ಪನಿಗೆ ಬೈದೆ. ಬೈಯುವಷ್ಟು ಬಲ ಎಲ್ಲಿಂದ ಬಂತೋ.

ಆಸ್ಪತ್ರೆಯಿಂದ ತಂದ ಚೀಲವನ್ನು ಇಷ್ಟು ದಿನ ಯಾರೂ ಬಿಚ್ಚಿರಲಿಲ್ಲ. ಅಪ್ಪ ಬಿಚ್ಚಿ ಬಟ್ಟೆ ಒಗೆಯಲು ಹಾಕಿದ. ಆಮೇಲೆ ಮತ್ತೆ ಮತ್ತೆ ಚೀಲ ಜಾಡಿಸಿದ.

"ನಿಮ್ಮವ್ವನ ಸೀರಿ ತುಂಡು ಎಲ್ಲೈತಿ?"

ನನ್ನನ್ನು ಆಸ್ಪತ್ರೆಗೆ ಸೇರಿಸಿದ ಸಂಜೆ ಅಪ್ಪ ಒಂದು ಬುತ್ತಿ ಕಟ್ಟಿ ತಂದಿದ್ದ. ಅವ್ವನ ಇಳಕಲ್ ಸೀರೆಯ ಸೆರಗಿನ ತುಂಡು, ಕೆಂಪು. ಅದರೊಳಗೆ ಎರಡು ಅಂಟಿನುಂಡಿ. ಜೀವಮಾನದಲ್ಲಿ ಮೊದಲ ಸಲ, ಕೈ ಕುದುರುತ್ತದೋ ಇಲ್ಲವೋ ನೋಡೋಣವೆಂದು ಮಾಡಿದ್ದನಂತೆ. "ಹಡದ ಕೂಡ್ಲೆ ಒಂದು ತಿನ್ನು. ನಿಮ್ಮವ್ವ ಇದ್ದಿದ್ರ ಆಕಿನ ತಿನಿಸ್ತಿದ್ಲು" ಎಂದು ದಿಂಬಿನ ಹತ್ತಿರ ಇಟ್ಟು, ಮರುದಿನ ಗುರುವಾರದ ಮಾರುಕಟ್ಟೆಗೆಂದು ಬ್ಯಾಡಗಿಗೆ ಓಡಿದ್ದ. ನಾನು ಗಂಟು ಬಿಚ್ಚಿ ಕೂಡ ನೋಡಲಿಲ್ಲ. ಅಷ್ಟರಲ್ಲಿ ನೋವು ಶುರುವಾಯಿತು. ಆಮೇಲೆ ನೋಡಿದರೆ ಅದು ಇರಲಿಲ್ಲ. ಬಾಜು ಮಂಚದವಳ ಕಡೆಯವರು ಎತ್ತಿರಬೇಕು. ಅವಳಿಗೆ ಗಂಡು ಹುಟ್ಟಿತ್ತು. ಎಲ್ಲ ಅವಳಿಗೇ ಸಿಗಲಿ.

"ಕಳೀತು" ಎಂದೆ. ಅಪ್ಪ ಮತ್ತೆ ಚೀಲದೊಳಗೆ ಕೈ ಹಾಕಿ ಮೂಲೆ ಮೂಲೆ ತಡವಿದ. ನನಗೆ ತಲೆ ಕೆಟ್ಟಿತು. "ಕೂಸು ಕಳಕೊಂಡು ಬಂದೇನಿ, ನಿನಗ ಅರಿಬಿ ತುಂಡಿನ ಚಿಂತಿ" ಎಂದೆ. ಅಪ್ಪ ಚೀಲ ಮಡಚಿಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಆಡಿದ ಮಾತು ವಾಪಸು ಬರುವುದಿಲ್ಲ. ಬಂದರೆ ಆ ಒಂದನ್ನು ನುಂಗಿಕೊಳ್ಳುತ್ತಿದ್ದೆ.

ಫೆಬ್ರವರಿ 14, ಶುಕ್ರವಾರ

ಇವತ್ತು ನಡೆದದ್ದನ್ನು ಬರೆದಿಡಲೇಬೇಕು.

ನನಗೆ ಆರು ತಿಂಗಳಾದಾಗಿನಿಂದ ಅಪ್ಪ ಬಾಣಂತನದ ಸಾಮಾನು ಕೂಡಿಸಿದ್ದಾನೆ. ಒಮ್ಮೆಲೇ ಕೊಳ್ಳುವ ಶಕ್ತಿ ಇಲ್ಲ. ಪ್ರತಿ ವಾರ ಸಂತೆಯಲ್ಲಿ ಒಂದು ಬೊಗಸೆ: ಒಂದು ವಾರ ಅಂಟು, ಒಂದು ವಾರ ಒಣಕೊಬ್ಬರಿ, ಒಂದು ವಾರ ಉತ್ತತ್ತಿ. ಬಾದಾಮಿ, ಗೋಡಂಬಿಯ ಬದಲು ಶೇಂಗಾ, ಪುಠಾಣಿ. ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ, ಇಲಿ ಮುಟ್ಟದ ಹಾಗೆ ಜಂತಿಗೆ ನೇತುಹಾಕಿದ್ದ.

ಚಮನಬಿ ಚಿಗವ್ವ ಕೆಲಸ ಬಿಟ್ಟು ಬಂದು ಒಲೆ ಹಚ್ಚಿದಳು. ಸಾಮಾನು ಒಂದೊಂದೇ ತೆಗೆಯುವಾಗ ಅಳವಿಯ ಪೊಟ್ಟಣ ಸಿಕ್ಕಿತು. ಅಳವಿಯ ಪಾಯಸ ಕುಡಿದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ. ಚಿಗವ್ವ ಆ ಪೊಟ್ಟಣವನ್ನು ನನಗೆ ಕಾಣಬಾರದೆಂದು ಸೆರಗಿನ ಕೆಳಗೆ ಇಟ್ಟುಕೊಂಡು ಹೋಗಿ ಗೋಡೆಯ ಮಾಡದಲ್ಲಿ ಇಟ್ಟಳು. ನನಗೆ ಕಂಡಿತು.

ಅಪ್ಪ ಚಕ್ಕಳಮಕ್ಕಳ ಹಾಕಿ ಕೂತು ಕೊಬ್ಬರಿ ತುರಿದ. ಕ್ವಿಂಟಲ್ ಹೊರುವ ಕೈಯಲ್ಲಿ ಉಂಡೆ ಕಟ್ಟಿದ. ಒಂದೊಂದು ಉಂಡೆ ಒಂದೊಂದು ಗಾತ್ರ. "ಏನಣ್ಣ ಇವು, ತೂಕದ ಕಲ್ಲು ಅದಾವೇನ?" ಎಂದು ಚಿಗವ್ವ ಕಾಡಿಸಿದಳು. ಇಬ್ಬರೂ ಮುರಿದು ರುಚಿ ನೋಡಿದರು. ಛಲೋ ಆಗ್ಯಾವ ಎಂದು ಇಬ್ಬರೂ ತಲೆಯಾಡಿಸಿದರು. ಅಪ್ಪ ಒಂದನ್ನು ನನ್ನ ಬಾಯಿಗೇ ಹಿಡಿದ.

ಕಚ್ಚಿದೆ. ಮೊದಲು ಬೆಲ್ಲ. ಆಮೇಲೆ ನಾಲಿಗೆಗೆ ಬೆಂಕಿ ಬಿತ್ತು. ಕಿವಿಯವರೆಗೆ ಉರಿ. ಕೆಮ್ಮಿದೆ, ಕಣ್ಣು ಮೂಗು ಎಲ್ಲ ಸುರಿಯತೊಡಗಿತು.

ಅಪ್ಪ ಸಾಮಾನು ತುಂಬಿಟ್ಟದ್ದು ಮೆಣಸಿನಕಾಯಿಯ ಖಾಲಿ ಚೀಲದಲ್ಲಿ! ಅಂಟು, ಕೊಬ್ಬರಿ ಎಲ್ಲ ನಾಲ್ಕು ತಿಂಗಳು ಅದರ ಖಾರ ಕುಡಿದು ಕೂತಿವೆ. ಮೂವತ್ತು ವರ್ಷ ಮೆಣಸಿನಕಾಯಿ ಹೊತ್ತವನ ನಾಲಿಗೆಗೆ, ದಿನವಿಡೀ ತೊಟ್ಟು ಬಿಡಿಸುವವಳ ನಾಲಿಗೆಗೆ ಅದು ತಿಳಿಯಲೇ ಇಲ್ಲ.

"ಮೂರು ಸಲ ತೊಳದಿದ್ನೆವಾ" ಎಂದ ಅಪ್ಪ. "ನಮ್ಮ ಬ್ಯಾಡಗಿ ಕಾಯಿ ಚೀಲ, ಬರೇ ಬಣ್ಣ ಇರತೈತಿ ಅಂತ ತಿಳಿದಿದ್ನಿ." ಚೀಲ ಹೊರಳಿಸಿ ನೋಡಿದ. ಗುಂಟೂರು ಕಾಯಿಯ ಚೀಲ. "ಅಯ್ಯ, ದವಾಖಾನಿಗೆ ಕೊಟ್ಟ ಎರಡೂ ಇದ ಚೀಲದ್ವು. ಪುಣ್ಯಾಕ ಕಳಕೊಂಡಿ ನೋಡು."

ನನಗೆ ನಗು ಬಂತು. ಹದಿನೈದು ದಿನದ ಮೇಲೆ. ಕೆಮ್ಮುತ್ತ, ಅಳುತ್ತ, ನಗುತ್ತ ಮತ್ತೊಂದು ಚೂರು ಕಚ್ಚಿದೆ. ಅಪ್ಪ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡ.

"ಬ್ಯಾಡವಾ, ಬ್ಯಾಡ! ಹಾಲಿನಾಗ ಇಳೀತೈತಿ, ಕೂಸಿಗೆ ಖಾರ ಹತ್ತೀತು!"

ಆಡಿಬಿಟ್ಟ. ಆಡಿದ ಮೇಲೆ ಅವನಿಗೆ ನೆನಪಾಯಿತು. ಅಪ್ಪ ನನ್ನ ಕೈ ಬಿಡಲಿಲ್ಲ. ಅವನ ಬಾಯಿ ತೆರೆದೇ ಇತ್ತು. ಚಿಗವ್ವ "ಯಾ ಅಲ್ಲಾ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಆ ಉಂಡೆಯನ್ನು ಪೂರ್ತಿ ತಿಂದೆ.

ಫೆಬ್ರವರಿ 18, ಮಂಗಳವಾರ

ಉಂಡೆಗಳನ್ನು ಚೆಲ್ಲಲಿಲ್ಲ. ನಾಲ್ಕು ತಿಂಗಳ ಗಳಿಕೆ ಚೆಲ್ಲಲು ಯಾರಪ್ಪನ ಮನೆಯದು? ಗುಂಟೂರಿನ ಚೀಲ ಮಾತ್ರ ಒಲೆಗೆ ಹೋಯಿತು. ದಿನಕ್ಕೊಂದು ಉಂಡೆ ಬಿಸಿ ಹಾಲಿನಲ್ಲಿ ಅದ್ದಿ ತಿನ್ನುತ್ತೇನೆ. ದಿನಕ್ಕೊಮ್ಮೆ ಕಣ್ಣೀರು ಬರುತ್ತದೆ. ಯಾಕೆಂದು ಯಾರೂ ಕೇಳುವುದಿಲ್ಲ, ಅದೊಂದು ಅನುಕೂಲ.

ಹಸಿವಿಲ್ಲ. ಆದರೂ ಎರಡು ಸಜ್ಜೆ ರೊಟ್ಟಿ, ಮೆಂತ್ಯಸೊಪ್ಪಿನ ಪಲ್ಯ, ಅಗಸಿ ಹಿಂಡಿಯ ಪುಡಿ ತಿಂದೆ. ಅಪ್ಪ ಬಡಿಯುವ ರೊಟ್ಟಿ ನೋಡಿದರೆ ಒಂದರಲ್ಲಿ ಕರ್ನಾಟಕ, ಇನ್ನೊಂದರಲ್ಲಿ ಆಂಧ್ರ ಕಾಣುತ್ತದೆ. ಹಿಟ್ಟಿಗೆ ಕುದಿನೀರು ಹಾಕಬೇಕು, ತಣ್ಣೀರು ಹಾಕುತ್ತಾನೆ. ನೋಡಲಾರದೆ ಎದ್ದು ನಾನೇ ನಾದಿದೆ. ಹುಡುಗಿಯಾಗಿದ್ದಾಗ ಅವ್ವನ ಹತ್ತಿರ ಕಲಿತ ಕೈ, ಮರೆತಿಲ್ಲ.

ಹಾಲು ನಿಂತಿದೆ.

ಫೆಬ್ರವರಿ 23, ಭಾನುವಾರ

ದುರುಗೇಶನಿಗೆ ನಾನೇ ಫೋನು ಮಾಡಿದೆ. ಎತ್ತಿದ. ಹಿಂದೆ ಗೋದಾಮಿನ ಸದ್ದು, ಭಾನುವಾರವೂ ಕೆಲಸ ಹಾಕಿಸಿಕೊಂಡಿದ್ದಾನೆ.

"ನೀವು ಬರಬ್ಯಾಡ್ರಿ. ಫೋನಿನಾಗ ಹೇಳ್ರಿ ಸಾಕು. ಆಕಿ ಮೂಗು ಹೆಂಗಿತ್ತು?"

ಉಸಿರಾಟ ಕೇಳಿಸಿತು. ನಾನು ಕಾದೆ.

"ಕೂದಲ ಇತ್ತಾ? ಅಷ್ಟರ ಹೇಳ್ರಿ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಒಂಬತ್ತು ತಿಂಗಳು ನನ್ನೊಳಗೆ ಇದ್ದವಳು. ಅವಳ ಒದೆತ ನನಗೆ ಗೊತ್ತು, ಬಿಕ್ಕಳಿಕೆ ಗೊತ್ತು. ಮುಖ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಅಪ್ಪ ಹೇಳಿದ ಆ ಔಷಧಿ ಅಂಗಡಿಯ ಡಬ್ಬಿಯ ಮೇಲಿನ ಕೂಸಿನ ಮುಖ ಬರುತ್ತದೆ. ಅದು ಯಾರದೋ ಕೂಸು. ದುರುಗೇಶನನ್ನು ಇವತ್ತು ದ್ವೇಷಿಸಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಅಪ್ಪ ಉಪವಾಸ. ನನಗೆ ಮಾತ್ರ ಉಪವಾಸ ಮಾಡಲು ಬಿಡಲಿಲ್ಲ. "ನಿನ್ನ ಪಾಲಿಂದು ನಾ ಮಾಡೇನಿ, ನೀ ಉಣ್ಣು" ಎಂದ.

ಅಪ್ಪನ ಗೆಳೆಯ ಡಾಕಪ್ಪ ಬಂದಿದ್ದ. ಅವನು ಕೆಲಸಕ್ಕೆಂದು ದಿನಾ ರೈಲಿನಲ್ಲಿ ರಾಣೆಬೆನ್ನೂರಿಗೆ ಹೋಗಿ ಬರುವವನು. ಅಳಿಯನನ್ನು ಕಂಡೆನೆಂದು ಅಪ್ಪನಿಗೆ ಮೆಲ್ಲಗೆ ಹೇಳುತ್ತಿದ್ದ; ಒಳಗಿದ್ದ ನನಗೂ ಕೇಳಿಸಿತು.

"ಭಾಳ ಸೊರಗ್ಯಾನಪಾ. ಮನಿಗೆ ಉಣ್ಣಾಕ ಹೋಗಂಗಿಲ್ಲಂತ. ಗೋದಾಮಿನ ಮುಂದ ಚಾ, ಬನ್ನು, ಕುರುಕುರಿ ಪಾಕೀಟು. ಅದ ಊಟ."

ಒಳ್ಳೆಯದೇ ಆಯಿತು, ಸೊರಗಲಿ ಎಂದುಕೊಂಡೆ. ಆಮೇಲೆ ಹೋಗಿ ಹೆಸರುಕಾಳು ನೆನೆಹಾಕಿದೆ.

ಫೆಬ್ರವರಿ 27, ಗುರುವಾರ

ಡಾಕಪ್ಪನ ಕೈಯಲ್ಲಿ ದುರುಗೇಶನಿಗೆ ಡಬ್ಬಿ ಕಳಿಸಿದೆ. ಮೂರು ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಯಾರು ಕಳಿಸಿದರೆಂದು ಹೇಳಬೇಡ ಎಂದಿದ್ದೆ. ರೊಟ್ಟಿ ನೋಡಿದರೆ ಅವನಿಗೆ ಗೊತ್ತಾಗುತ್ತದೆ. ಅವನ ಮೇಲೆ ಸಿಟ್ಟು ಹಾಗೇ ಇದೆ. ಸಿಟ್ಟು ಬೇರೆ, ಹೊಟ್ಟೆ ಬೇರೆ.

ಅಪ್ಪನಿಗೂ ಬುತ್ತಿ ಕಟ್ಟಿದೆ. ಒಂದು ರೊಟ್ಟಿ ಹೆಚ್ಚು ಹಾಕು ಎಂದ.

ಮಾರ್ಚ್ 4, ಮಂಗಳವಾರ

ನಾಲ್ಕನೆಯ ಡಬ್ಬಿಯೂ ವಾಪಸು ಬಂತು. ತೊಳೆದು ಒರೆಸಿದ್ದಾನೆ. ಪ್ರತಿ ಸಲವೂ ತಳದಲ್ಲಿ ಒಂದು ಹಿಡಿ ಜೋಳ. ಊಟ ಬಂದ ಪಾತ್ರೆಯನ್ನು ಬರಿದು ಮಾಡಿ ಕಳಿಸಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಅವನ ಮನೆಯಲ್ಲೂ ಹಾಗೇ ಕಲಿಸಿದ್ದಾರೆ. ಪದ್ಧತಿಗೇನೂ ಕಡಿಮೆ ಇಲ್ಲ. ಒಂದು ಮಾತು ಮಾತ್ರ ಇಲ್ಲ.

ಜೋಳವನ್ನು ಎತ್ತಿ ಇನ್ನೊಂದು ಡಬ್ಬಿಗೆ ಹಾಕಿದ್ದೇನೆ. ನಾಲ್ಕು ಹಿಡಿಯಾಯಿತು.

ಮಾರ್ಚ್ 10, ಸೋಮವಾರ

ರಕ್ತ ಒಂಬತ್ತೂವರೆ. ಸಂಜೆ ಅಪ್ಪ ಮಾರುಕಟ್ಟೆಯಿಂದ ಬಂದ ಮೇಲೆ ಪ್ರೇಮವ್ವ ಚೀಟಿ ತಂದು, ನಂಬಿಕೆಯಾಗದೆ ಎರಡು ಸಲ ಓದಿದಳು. "ಯಾವ ಟಾನಿಕ್ ಕೊಟ್ರಿ ಅಣ್ಣ?" ಎಂದು ಅಪ್ಪನನ್ನು ಕೇಳಿದಳು. "ಗುಂಟೂರ ಟಾನಿಕ್" ಎಂದೆ ನಾನು. ಅವಳಿಗೆ ತಿಳಿಯಲಿಲ್ಲ. ಅಪ್ಪ ಟವೆಲು ಬಾಯಿಗೆ ಒತ್ತಿಕೊಂಡು ಒಳಗೆ ಹೋದ.

ಹಿಂದಿನ ಓಣಿಯ ಮೈಲವ್ವನ ಮಗಳು ಹಡೆದು ಬಂದಿದ್ದಾಳೆ. ಹಾಲು ಸಾಲುತ್ತಿಲ್ಲವೆಂದು ಚಿಗವ್ವ ಹೇಳಿದಳು. ಹೇಳಿ ನಾಲಿಗೆ ಕಚ್ಚಿಕೊಂಡಳು. ಮಾಡದಲ್ಲಿ ಅಳವಿಯ ಪೊಟ್ಟಣ ಹಾಗೇ ಇತ್ತು. ಸುಮ್ಮನೆ ಹುಳ ಹಿಡಿದು ಹೋಗುತ್ತದೆ. ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿದೆ, ಖಾರವೇನೂ ಇರಲಿಲ್ಲ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಇದ್ದುದಕ್ಕೆ ಉಳಿದಿತ್ತು. ಒಯ್ದು ಬಾಗಿಲಲ್ಲೇ ಕೊಟ್ಟು ಬಂದೆ. ಒಳಗೆ ಕರೆದರು, ಹೋಗಲಿಲ್ಲ. ಕೂಸು ಅಳುವುದು ಕೇಳಿಸಿತು. ಓಣಿ ತಿರುಗುವವರೆಗೂ ಕೇಳಿಸಿತು.

ಬಂದು ಒಂದು ಉಂಡೆ ತಿಂದೆ. ಇವತ್ತಿನ ಅಳುವಿಗೆ ಖಾರ ಒಂದೇ ಕಾರಣವಲ್ಲ.

ಮಾರ್ಚ್ 16, ಭಾನುವಾರ

ಇವತ್ತು ಡಬ್ಬಿಯ ಜೊತೆಗೆ ಅವನೇ ಬಂದ.

ಹೊತ್ತು ಏರುವ ಮುಂಚೆ. ಅಪ್ಪ ಕಟ್ಟೆಯ ಮೇಲೆ ನುಗ್ಗೆಸೊಪ್ಪು ಬಿಡಿಸುತ್ತ ಕೂತಿದ್ದ. "ಬರ್ರಿ ಅಳಿಯಂದ್ರ, ಕುಂದರ್ರಿ" ಎಂದು ಸೊಪ್ಪು ಸರಿಸಿ ಜಾಗ ಮಾಡಿದ. ಡಾಕಪ್ಪ ಹೇಳಿದ್ದಕ್ಕಿಂತ ಹೆಚ್ಚು ಸೊರಗಿದ್ದಾನೆ. ಅಂಗಿಯ ಕಾಲರಿನಲ್ಲಿ ಇನ್ನೊಂದು ಕುತ್ತಿಗೆ ಹಿಡಿಯುತ್ತಿತ್ತು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ಮುಚ್ಚಳ ತೆಗೆದೆ. ಜೋಳ ಇತ್ತು.

ಕೇಳಬೇಕಾದದ್ದನ್ನೆಲ್ಲ ಒಂದೂವರೆ ತಿಂಗಳಿಂದ ಕೂಡಿಟ್ಟಿದ್ದೆ. ಬಾಯಿಂದ ಬಂದದ್ದು, "ಏನರ ತಿಂದೀರೇನು?" ಎಂದು. ಇಲ್ಲವೆಂದು ತಲೆಯಾಡಿಸಿದ. ಕೊನೆಯ ಎರಡು ಉಂಡೆ ಉಳಿದಿದ್ದವು. ಒಂದು ತಟ್ಟೆಯಲ್ಲಿಟ್ಟು ಕೊಟ್ಟೆ. ಅದರ ಕತೆ ಹೇಳಲಿಲ್ಲ.

ಕಚ್ಚಿದ. ಅಗಿಯುತ್ತ ನಿಲ್ಲಿಸಿದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು.

"ಖಾರ ಐತಿ" ಎಂದ.

"ಹೂಂ. ಖಾರ ಐತಿ."

ನೀರು ಕೊಡಹೋದೆ, ಬೇಡವೆಂದ. ಮತ್ತೊಂದು ತುತ್ತು ಕಚ್ಚಿದ. ಕಣ್ಣೀರು ಗಲ್ಲದ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಮೂರನೆಯ ತುತ್ತಿಗೆ ಅದು ಖಾರದ ಅಳುವಾಗಿ ಉಳಿಯಲಿಲ್ಲ. ಭುಜ ಕುಣಿಯತೊಡಗಿತು. ತಟ್ಟೆ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನನ್ನ ಗಂಡ ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ಕಲ್ಲು ಎಂದುಕೊಂಡಿದ್ದೆ.

ನಾನು ಹತ್ತಿರ ಕೂತೆ. "ಈಗ ಹೇಳ್ರಿ" ಎಂದೆ.

ಹೇಳಿದ. ತಡೆತಡೆದು ಹೇಳಿದ.

"ಕೂದಲ ಭಾಳ ಇತ್ತು. ಹಣಿ ಮ್ಯಾಲ ಇಳದಿತ್ತು. ಕರ್ರಗ. ಹುಬ್ಬು ಇನ್ನೂ ಬಂದಿರಲಿಲ್ಲ, ಗೆರಿ ಎಳದಂಗ ಇತ್ತು ಅಷ್ಟ. ತುಟಿ ನಿನ್ನಂಗ. ಕೆಳಗಿಂದು ಮುಂದ ಬಂದಿತ್ತು, ಸಿಟ್ಟು ಮಾಡ್ದಾಕಿಯಂಗ." ಅಪ್ಪನ ಕಡೆ ತಿರುಗಿದ. "ಮೂಗು ಮಾವಂದು."

ಅಪ್ಪ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ. ಅವನ ಮೂಗು ಮೊಂಡ, ಅಗಲ. ಅವ್ವ ಬದುಕಿರುವ ತನಕ ಅದನ್ನು ಆಡಿಕೊಂಡು ನಗುತ್ತಿದ್ದಳು. ಅಪ್ಪ ಕೈಯೆತ್ತಿ ತನ್ನ ಮೂಗನ್ನು ಮುಟ್ಟಿಕೊಂಡ. ಹಾಗೇ ಹಿಡಿದುಕೊಂಡು ಕೂತ.

ನನ್ನ ಕಣ್ಣ ಮುಂದೆ ಅವಳು ಬಂದಳು. ಡಬ್ಬಿಯ ಕೂಸಲ್ಲ. ನನ್ನ ಕೂಸು.

"ಯಾಕ ಹೇಳಲಿಲ್ರಿ ಇಷ್ಟು ದಿನ?"

"ಹೇಳಿದ್ರ ಪೂರಾ ಹೇಳಬೇಕಾಗತಿತ್ತು" ಎಂದ. "ಒಂದು ತಪ್ಪು ಮಾಡೇನಿ ಸುಸ್ಮಿ. ಮಾವನ ಬುತ್ತಿ ಕಳದಿಲ್ಲ. ನಾನ ಒಯ್ದೆ."

ನನಗೆ ತಿಳಿಯಲಿಲ್ಲ.

"ಆಕೀನ ನನ್ನ ಕೈಯಾಗ ಕೊಟ್ರು. ಹೊಂಟೆ. ಬಾಗಿಲ ತನಕ ಹೋಗಿ ಕಾಲ ಏಳಲಿಲ್ಲ. ಹೆಣ್ಣಮಗಳು, ಮನಿ ಬಿಟ್ಟು ಹೊಂಟಾಳ. ಬರಿಗೈಲೆ ಹೆಂಗ ಕಳಸೂದು? ಉಡಿ ತುಂಬಾಕ ಒಂದು ಕಾಳು ಅಕ್ಕಿ ಇರಲಿಲ್ಲ ಅಲ್ಲೆ. ನಿನ್ನ ದಿಂಬಿನ ಹಂತೇಲಿ ಆ ಗಂಟು ಕಂಡಿತು. ಅಗಡ್ಯಾಗ ಮಣ್ಣು ಕೊಡೂ ಮುಂದ ಗಂಟು ಬಿಚ್ಚಿದೆ. ಅತ್ತಿ ಸೀರಿ ತುಂಡು ಆಕಿಗೆ ಹೊಚ್ಚಿದೆ. ಎರಡು ಉಂಡಿ ಬಗಲಾಗ ಇಟ್ಟೆ. ಕೇಳಲಾರದ ಒಯ್ದೆ. ನಿಮ್ಮವ್ವನ ನೆನಪಿಂದು ಅದು. ಹೆಂಗ ಹೇಳೂದು ತಿಳೀಲಿಲ್ಲ."

ಅವ್ವನ ಸೆರಗು. ಕೆಂಪು. ನಾನು ಹೊದಿಸಲಾಗದ್ದನ್ನು ಅವ್ವ ಹೊದಿಸಿದ್ದಳು. ಬಾಜು ಮಂಚದವಳೇ, ಎಲ್ಲಿದ್ದೀಯೋ, ನಿನಗೆ ಅಂದದ್ದಕ್ಕೆ ಕ್ಷಮಿಸು. ನಿನ್ನ ಮಗ ಚೆನ್ನಾಗಿರಲಿ.

ದುರುಗೇಶ ತಟ್ಟೆಯಲ್ಲಿ ಉಳಿದ ಉಂಡೆಯ ಚೂರನ್ನೇ ನೋಡುತ್ತಿದ್ದ. ಅವನ ಮುಖ ಬದಲಾಯಿತು. ಅವನಿಗೆ ಆಗ ಹೊಳೆಯಿತು.

"ಅವೂ ಖಾರ ಇದ್ವೇನ್ರಿ ಮಾವ?" ಎಂದ. "ಆಕಿ ಹಂತೇಲಿ ಇಟ್ಟವು?"

ಅಪ್ಪ ಮೂಗಿನಿಂದ ಕೈ ತೆಗೆದ. ಮೂವತ್ತು ವರ್ಷದಲ್ಲಿ ಒಂದು ಚೀಲದ ತೂಕವನ್ನೂ ಸುಳ್ಳು ಹೇಳದ ಮನುಷ್ಯ ನನ್ನ ಅಪ್ಪ.

"ಇಲ್ಲೋ ತಮ್ಮಾ" ಎಂದ. "ಅವಕ್ಕ ಬ್ಯಾರೆ ಸಾಮಾನ ತಂದಿದ್ನಿ, ಅಂಗಡಿಯಿಂದ ಆವಾಗ ತಂದದ್ದು. ಈ ಚೀಲದ್ದು ಅಲ್ಲ. ಅವು ಸಿಹಿ ಇದ್ದವು."

ದುರುಗೇಶ ನನ್ನ ಕಡೆ ನೋಡಿದ. ನಂಬಬೇಕೆಂದು ಅವನಿಗೆ ಎಷ್ಟು ಆಸೆ ಇತ್ತು!

"ಹೌದ್ರಿ" ಎಂದೆ. "ಗಂಟಿನಾಗ ಮೂರು ಇದ್ದವು. ನೋವು ಬರೂಕಿಂತ ಮೊದಲ ಒಂದು ನಾ ತಿಂದಿದ್ನಿ. ಸಿಹಿ ಇತ್ತು."

ಅವನು ತಲೆಯಾಡಿಸಿದ. ತಟ್ಟೆ ಎತ್ತಿಕೊಂಡು ಉಳಿದ ಚೂರನ್ನೂ ತಿಂದ. ಅಪ್ಪ ಮತ್ತೆ ಸೊಪ್ಪು ಬಿಡಿಸತೊಡಗಿದ. ನಾನು ಒಳಗೆ ಹೋಗಿ ಡಬ್ಬಿಗಳಲ್ಲಿದ್ದ ಜೋಳವನ್ನೆಲ್ಲ ಒಂದು ಮೊರಕ್ಕೆ ಸುರಿದು ಹಸನು ಮಾಡಿದೆ. ನಾಳೆ ಬೀಸಿಸಿಕೊಂಡು ಬಂದರೆ ಮೂವರಿಗೂ ಎರಡು ಹೊತ್ತಿನ ರೊಟ್ಟಿಯಾಗುತ್ತದೆ.